ಟೆಂಟಿಗೆ ಚಾರ್ಜಿಂಗ್ ಲ್ಯಾಂಟರ್ನ್ ತಗೋಬೇಕು, ಯಾವ್ದು ನೋಡ್ಲಿ?

ಹಾಸನ_ಹೈದ

ಎಲ್ರಿಗೂ ನಮಸ್ಕಾರ. ಡಿಸೆಂಬರ್ ರಜೇಲಿ ಫ್ರೆಂಡ್ ತೋಟದಲ್ಲಿ ಟೆಂಟ್ ಹಾಕೋಣ ಅಂತ ಮಾತಾಗಿದೆ, ಮೂಡಿಗೆರೆ ದಾಟಿ ದೇವರಮನೆ ಕಡೆ. ಎರಡು ರಾತ್ರಿ. ನಾನು, ಮನೆಯವ್ರು, ಮಗಳು, ಜೊತೆಗೆ ತೋಟದವನ ಫ್ಯಾಮಿಲಿ. ತೋಟದ ಮನೇಲಿ ಕರೆಂಟ್ ಇದೆ ಆದ್ರೆ ಟೆಂಟ್ ಹಾಕೋ ಜಾಗ ಅಲ್ಲಿಂದ ಮೇಲೆ, ಕಾಫಿ ಒಣಗಿಸೋ ಹಳೇ ಕಣದ ಹತ್ರ, ಅಲ್ಲಿ ಒಂದು ಬಲ್ಬೂ ಇಲ್ಲ.

ಆನ್‌ಲೈನಲ್ಲಿ ಲೈಟ್ ನೋಡ್ತಾ ನೋಡ್ತಾ ತಲೆ ಕೆಟ್ಟೋಯ್ತು. ಒಬ್ರು 1000 ಲ್ಯೂಮೆನ್ ಬೆಳಕು ಅಂತಾರೆ, ಇನ್ನೊಬ್ರು 10000 ಎಂಎಎಚ್ ಬ್ಯಾಟ್ರಿ ಅಂತಾರೆ, ಒಂದಕ್ಕೆ ಫ್ಯಾನ್ ಇದೆ, ಒಂದಕ್ಕೆ ಸೋಲಾರ್ ಇದೆ, ಮತ್ತೊಂದಕ್ಕೆ ಸೊಳ್ಳೆ ಹೊಡೆಯೋ ಜಾಲರಿ ಬೇರೆ, ರೇಟ್ 400ರಿಂದ 4000ದವರೆಗೂ ಇದೆ ಆದ್ರೆ ಫೋಟೋ ಮಾತ್ರ ಎಲ್ಲಾದ್ರದ್ದೂ ಒಂದೇ ಥರ. ನನ್ನ ಬಜೆಟ್ 1500, ತುಂಬಾ ಚೆನ್ನಾಗಿದ್ರೆ 2000ಕ್ಕೂ ರೆಡಿ. ಆಮೇಲೆ ಮಳೆಗಾಲದಲ್ಲಿ ಕರೆಂಟ್ ಹೋದಾಗ ಮನೇಲೂ ಬಳಸೋ ಥರ ಇದ್ರೆ ಒಳ್ಳೇದು, ಅಮ್ಮನ ಹತ್ರ ಇರೋ ಹಳೇ ಎಮರ್ಜೆನ್ಸಿ ಲೈಟು ಈಗ ಹತ್ತು ನಿಮಿಷಾನೂ ನಿಲ್ಲಲ್ಲ. ಎಷ್ಟು ಲ್ಯೂಮೆನ್ ಬೇಕು, ಬ್ಯಾಟ್ರಿ ಎಷ್ಟು ಇರ್ಬೇಕು, ಗೊತ್ತಿರೋರು ಸ್ವಲ್ಪ ಹೇಳಿ.

ಮೂಡಿಗೆರೆ_ಮಳೆ

ಮೊದ್ಲು ಆ 1000 ಲ್ಯೂಮೆನ್ ಆಸೆ ಬಿಟ್ಬಿಡಿ ಮಾರಾಯ್ರೆ. ಮನೇಲಿ ಹಾಲಿಗೆ ಹಾಕೋ 9 ವ್ಯಾಟ್ ಎಲ್‌ಇಡಿ ಬಲ್ಬೇ ಹೆಚ್ಚುಕಮ್ಮಿ 900 ಲ್ಯೂಮೆನ್ ಇರುತ್ತೆ, ಅದನ್ನ ಟೆಂಟೊಳಗೆ ಕಣ್ಣೆದುರಿಗೆ ನೇತಾಕಿದ್ರೆ ಹೆಂಗಿರುತ್ತೆ ಯೋಚ್ನೆ ಮಾಡಿ. ಟೆಂಟೊಳಗೆ ಮಲಗೋಕೆ, ಬಟ್ಟೆ ಹುಡ್ಕೋಕೆ 30-50 ಲ್ಯೂಮೆನ್ ಧಾರಾಳ ಆಯ್ತು. ಹೊರಗೆ ಅಡುಗೆ, ಊಟ, ಇಸ್ಪೀಟು ಇದಕ್ಕೆಲ್ಲ 200-300. ಅದಕ್ಕೇ ಲೈಟು ಕೈಗೆ ಸಿಕ್ರೆ ಮೊದ್ಲು ನೋಡ್ಬೇಕಾದ್ದು ಅದನ್ನ ಎಷ್ಟು ಸಣ್ಣಕ್ಕೆ ಇಳಿಸ್ಬೋದು ಅಂತ. ಸುಮಾರು ಲೈಟಲ್ಲಿ ಮೂರೇ ಸ್ಟೆಪ್ ಕೊಟ್ಟಿರ್ತಾರೆ, ಜೋರು, ಇನ್ನೂ ಜೋರು, ಮಿಣಮಿಣ ಅನ್ನೋದು. ಆ ಮಿಣಮಿಣ ಯಾಕೆ ಕೊಡ್ತಾರೋ ದೇವರಿಗೇ ಗೊತ್ತು. ಬಟನ್ ಒತ್ತಿ ಹಿಡ್ಕೊಂಡ್ರೆ ಮೆಲ್ಲಗೆ ಏರೋದು ಇಳಿಯೋದು ಮಾಡೋದು ಸಿಕ್ರೆ ಅದನ್ನೇ ತಗೊಳ್ಳಿ.

ಎರಡ್ನೇದು ಕಲರ್. ಬಾಕ್ಸ್ ಮೇಲೆ 6500 ಕೆಲ್ವಿನ್ ಅಂತಿದ್ರೆ ಟ್ಯೂಬ್‌ಲೈಟ್ ಥರ ನೀಲಿ ಬಿಳಿ. 2700ರಿಂದ 3000 ಅಂತಿದ್ರೆ ಹಳೇ ಬಲ್ಬಿನ ಹಳದಿ. ತೋಟಕ್ಕೆ ಹಳದೀನೇ ವಾಸಿ. ಹುಳಗಳಿಗೆ ನೀಲಿ ಬೆಳಕು ಅಂದ್ರೆ ಜಾಸ್ತಿ ಸೆಳೆತ, ಹಳದಿಗೆ ಬರೋದೇ ಇಲ್ಲ ಅಂತಲ್ಲ, ಕಮ್ಮಿ ಬರ್ತವೆ. ಡಿಸೆಂಬರಲ್ಲಿ ಅಷ್ಟೇನೂ ಕಾಟ ಇರಲ್ಲ ಬಿಡಿ, ಮೊದಲ ಮಳೆ ಬಿದ್ದ ದಿನ ಬಂದು ನೋಡಿ ನೀವು, ರೆಕ್ಕೆ ಗೆದ್ದಲು ಎದ್ದು ಅನ್ನದ ತಟ್ಟೆ ಪೂರ್ತಿ ಮುಚ್ಕೊಳ್ಳುತ್ತೆ. ನಾವು ಮಾಡೋದೇನು ಅಂದ್ರೆ ಜೋರಾಗಿರೋ ಬಿಳಿ ಲೈಟ್ ಒಂದನ್ನ ಇಪ್ಪತ್ತು ಹೆಜ್ಜೆ ದೂರದ ಸಿಲ್ವರ್ ಮರಕ್ಕೆ ಕಟ್ಟಿಬಿಡೋದು, ಹುಳ ಎಲ್ಲಾ ಅಲ್ಲಿಗೆ, ನಾವು ಇಲ್ಲಿ ಸಣ್ಣ ಹಳದಿ ಬೆಳಕಲ್ಲಿ ಆರಾಮಾಗಿ ಊಟಕ್ಕೆ.

ಇನ್ನು ದೇವರಮನೆ ಕಡೆ ಅಂದ್ರೆ ಮಂಜು ಇದ್ದೇ ಇರುತ್ತೆ. ಮಂಜು ಇಳಿದಾಗ ಜೋರು ಲೈಟು ಹಾಕಿದ್ರೆ ಎದುರಿಗೆ ಬಿಳಿ ಗೋಡೆ ಕಾಣುತ್ತೆ, ಚಾರ್ಮಾಡಿ ಘಾಟೀಲಿ ಹೈಬೀಮ್ ಹಾಕಿದೋರಿಗೆ ಗೊತ್ತಿರುತ್ತೆ. ಬೆಳಿಗ್ಗೆ ಇಬ್ಬನಿ ಟೆಂಟಿಂದ ತೊಟ್ಟಿಕ್ತಾ ಇರುತ್ತೆ, ಹಂಗಾಗಿ ಐಪಿಎಕ್ಸ್4 ಆದ್ರೂ ಇರ್ಲಿ. ಅದು ನೀರು ಸಿಡಿದ್ರೆ ತಡ್ಕೊಳ್ಳುತ್ತೆ ಅಂತ ಅಷ್ಟೇ, ಬಕೆಟಿಗೆ ಹಾಕೋಕಲ್ಲ. ಮುಳುಗಿದ್ರೂ ಏನಾಗ್ಬಾರ್ದು ಅಂದ್ರೆ ಐಪಿ67, ಅದ್ರಲ್ಲಿ ಒಂದು ಮೀಟ್ರು ನೀರಲ್ಲಿ ಅರ್ಧ ಗಂಟೆ ಇಟ್ಟು ಟೆಸ್ಟ್ ಮಾಡಿರ್ತಾರೆ. ನಿಮಗೆ ಅಷ್ಟೆಲ್ಲ ಬೇಡ.

ಸೋಲ್ಡರ್_ಹೊಗೆ

ನಂದು ಚಿಕ್ಕಮಗ್ಳೂರಲ್ಲಿ ರಿಪೇರಿ ಅಂಗಡಿ. ಜೂನ್ ಬಂತು ಅಂದ್ರೆ ಟೇಬಲ್ ತುಂಬಾ ಇವೇ. ಲೈಟಿನ ಎಲ್‌ಇಡಿ ಸುಟ್ಟೋಗಿ ಬರೋದು ಅಪರೂಪ, ಬರೋದೆಲ್ಲ ಬ್ಯಾಟ್ರಿ ಸತ್ತು ಇಲ್ಲಾ ಚಾರ್ಜಿಂಗ್ ಪಿನ್ನು ಕಿತ್ತು. ಅದಕ್ಕೇ ನಾನು ಯಾರಾದ್ರೂ ಕೇಳಿದ್ರೆ ಲೈಟ್ ನೋಡ್ಬೇಡಿ ಬ್ಯಾಟ್ರಿ ನೋಡಿ ಅಂತೀನಿ.

ಎಂಎಎಚ್ ಒಂದನ್ನೇ ನಂಬ್ಬೇಡಿ, ವ್ಯಾಟ್ ಅವರ್ ಮಾಡ್ಕೊಳ್ಳಿ, ಅಂದ್ರೆ ಬ್ಯಾಟ್ರೀಲಿ ಒಟ್ಟು ಎಷ್ಟು ಶಕ್ತಿ ಇದೆ ಅನ್ನೋ ಲೆಕ್ಕ, ಸುಲಭ ಇದೆ. ಲಿಥಿಯಂ ಸೆಲ್ಲು 3.7 ವೋಲ್ಟು. 4000 ಎಂಎಎಚ್ ಅಂದ್ರೆ 4 ಆಂಪಿಯರ್ ಅವರ್, ಗುಣಿಸಿದ್ರೆ 14.8 ವ್ಯಾಟ್ ಅವರ್. ಈಗಿನ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತೆ ಅಂತ ಇಟ್ಕೊಳ್ಳಿ. ಅಂದ್ರೆ 100 ಲ್ಯೂಮೆನಲ್ಲಿ ಉರಿಸಿದ್ರೆ ಹದಿಮೂರು ಹದಿನಾಲ್ಕು ಗಂಟೆ, 300ರಲ್ಲಿ ನಾಲ್ಕೂವರೆ, 1000ದಲ್ಲಿ ಒಂದೂವರೆ ಗಂಟೆನೂ ಕಷ್ಟ. ಈಗ ಬಾಕ್ಸ್ ತಿರುಗಿಸಿ ನೋಡಿ, ಒಂದು ಕಡೆ 1000 ಲ್ಯೂಮೆನ್ ಇನ್ನೊಂದು ಕಡೆ 40 ಗಂಟೆ ಅಂತ ಬರ್ದಿರ್ತಾನೆ. ಎರಡೂ ಸುಳ್ಳಲ್ಲ ಆದ್ರೆ ಎರಡೂ ಒಟ್ಟಿಗೆ ನಿಜ ಅಲ್ಲ, ಆ 40 ಗಂಟೆ ಅತೀ ಸಣ್ಣ ಸ್ಟೆಪ್ಪಿಂದು. ಇನ್ನೊಂದು ವಿಷ್ಯ ಸುಮಾರು ಜನಕ್ಕೆ ಗೊತ್ತಿಲ್ಲ, ಎಎನ್‌ಎಸ್‌ಐ ಎಫ್‌ಎಲ್1 ಅಂತ ಒಂದು ಸ್ಟ್ಯಾಂಡರ್ಡ್ ಇದೆ, ಒಳ್ಳೆ ಕಂಪ್ನಿಯೋರು ಅದ್ರ ಪ್ರಕಾರ ಟೈಮ್ ಅಳೀತಾರೆ, ಅದ್ರಲ್ಲೂ ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯೋವರೆಗೂ ಟೈಮ್ ಲೆಕ್ಕಕ್ಕೆ ತಗೋತಾರೆ. ಹಂಗಾಗಿ 8 ಗಂಟೆ ಅಂದ್ರೆ 8 ಗಂಟೆ ಒಂದೇ ಸಮ ಉರಿಯುತ್ತೆ ಅಂತ ಅಲ್ಲ.

ಕಮ್ಮಿ ರೇಟಿನ ಲೈಟಲ್ಲಿ ಒಳಗಿರೋದು ಜಾಸ್ತಿ 18650 ಸೆಲ್ಲು, 18 ಮಿಮೀ ದಪ್ಪ 65 ಮಿಮೀ ಉದ್ದ. ಒಳ್ಳೆ ಕಂಪ್ನಿ ಸೆಲ್ಲಲ್ಲಿ 2000ದಿಂದ 3500 ಎಂಎಎಚ್ ಸಿಗುತ್ತೆ. ಒಂದೇ ಸೆಲ್ ಹಾಕಿ 9900 ಅಂತ ಬರ್ದಿದ್ರೆ ಅದು ಶುದ್ಧ ಬುರುಡೆ. ಕೈಯಲ್ಲಿ ಹಿಡಿದ್ರೇ ಗೊತ್ತಾಗುತ್ತೆ, ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತೆ, ನಕಲಿ ಬೆಂಕಿಪೊಟ್ಣ ಥರ ಹಗುರ. ಸೆಲ್ ಬಿಚ್ಚಿ ಬದಲಾಯಿಸೋ ಹಂಗೆ ಸ್ಕ್ರೂ ಇರೋ ಬಾಡಿ ಸಿಕ್ರೆ 200 ಜಾಸ್ತಿ ಆದ್ರೂ ಕೊಡಿ, ಗಮ್ ಹಾಕಿ ಅಂಟಿಸಿರೋದು ಬ್ಯಾಟ್ರಿ ಹೋದ ದಿನ ನೇರ ಕಸಕ್ಕೆ.

ಬಿಐಎಸ್ ಅಂದ್ರೆ ಸರ್ಕಾರದ ಗುಣಮಟ್ಟ ಸಂಸ್ಥೆ, ಅದ್ರ ಮಾರ್ಕ್ ನೋಡಿ. ಬ್ಯಾಟ್ರಿಗೆ ರಿಜಿಸ್ಟ್ರೇಷನ್ ಕಡ್ಡಾಯ, ಆರ್ ಅಂತ ಶುರು ಆಗೋ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿದ್ರೆ ಯಾರ ಹೆಸ್ರಲ್ಲಿದೆ ಅಂತ ಬರುತ್ತೆ. ಅಂಗಡೀಲಿ ನಿಂತ್ಕೊಂಡೇ ನೋಡ್ಬೋದು.

ಅಮ್ಮನ ಹಳೇ ಲೈಟು ತೂಕ ಇದ್ರೆ ಒಳಗೆ ಲೆಡ್ ಆಸಿಡ್ ಬ್ಯಾಟ್ರಿ ಇರುತ್ತೆ. ಅದು ಖಾಲಿಯಾಗಿ ಹಂಗೇ ಅಟ್ಟದ ಮೇಲೆ ಕೂತ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಕೊಂಡು ಸಾಯುತ್ತೆ. ಬರೀ ಬ್ಯಾಟ್ರಿ ಬದಲಾಯಿಸಿದ್ರೆ ಲೈಟು ಮತ್ತೆ ಓಡುತ್ತೆ, ಎಸೀಬೇಡಿ.

ಬೆಟ್ಟ_ಬ್ಯಾಗು

ಇಷ್ಟೆಲ್ಲ ಯಾಕೆ ಗುರು, ಒಂದು ಹೆಡ್‌ಲ್ಯಾಂಪ್ ಸಾಕು. ಮೇಲ್ಮುಖ ಮಾಡಿ ಅದ್ರ ಮೇಲೆ ನೀರು ತುಂಬಿದ ಬಿಳಿ ಕ್ಯಾನ್ ಇಟ್ರೆ ಪೂರ್ತಿ ಕ್ಯಾನೇ ಲ್ಯಾಂಟರ್ನ್ ಆಗುತ್ತೆ. ಪವರ್‌ಬ್ಯಾಂಕ್ ಇದ್ರೆ 100 ರೂಪಾಯಿ ಯುಎಸ್‌ಬಿ ಬಲ್ಬ್ ಚುಚ್ಚಿ ನೇತಾಕಿ, 10000 ಎಂಎಎಚ್ ಪವರ್‌ಬ್ಯಾಂಕಲ್ಲಿ ಎರಡು ರಾತ್ರಿ ಆರಾಮು. ಅದೂ ಬೇಡ ಅಂದ್ರೆ ತೋಟದ ಮನೇಲಿ ಹಳೇ ಲಾಂದ್ರ ಇದ್ದೇ ಇರುತ್ತೆ, ಟೆಂಟೊಳಗೆ ಹಚ್ಚಿಟ್ರೆ ಬೆಚ್ಚಗೂ ಇರುತ್ತೆ, ಫೋಟೋಗೂ ಸೂಪರ್.

ಏಲಕ್ಕಿ_ಘಮ

ತಮ್ಮಾ ಲಾಂದ್ರ ಟೆಂಟೊಳಗೆ ಬೇಡ್ವೇ ಬೇಡ, ಆ ಮಾತು ಯಾರೂ ತಗೋಬೇಡಿ. ಬಟ್ಟೆಗೆ ಬೆಂಕಿ ಹತ್ತೋದು ಒಂದು, ಅದಕ್ಕಿಂತ ಜಿಪ್ ಹಾಕಿದ ಟೆಂಟೊಳಗೆ ಸೀಮೆಎಣ್ಣೆ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಳ್ಳುತ್ತೆ, ವಾಸ್ನೆ ಇಲ್ಲ ಬಣ್ಣ ಇಲ್ಲ, ನಿದ್ದೇಲಿರೋರಿಗೆ ಗೊತ್ತೇ ಆಗಲ್ಲ. ಚಳಿ ಅಂತ ಕೆಂಡದ ಬಾಣಲೆ ಒಳಗೆ ಇಟ್ಕೊಳ್ಳೋದೂ ಅಷ್ಟೇ ಅಪಾಯ. ನಮ್ದು ಸಕಲೇಶಪುರ ಹತ್ರ ಹೋಂಸ್ಟೇ, ಅಂಗಳದಲ್ಲಿ ಟೆಂಟ್ ಹಾಕೋರು ಬರ್ತಾರೆ, ಬಂದ ತಕ್ಷಣ ನಾನು ಹೇಳೋ ಮೊದಲ್ನೇ ಮಾತು ಇದೇ.

ಲೈಟಿನ ವಿಷ್ಯಕ್ಕೆ ಬಂದ್ರೆ, ಒಂದು ದೊಡ್ಡದು ತಗೊಳ್ಳೋ ಬದ್ಲು ಮಧ್ಯಮದ್ದು ಒಂದು, ಸಣ್ಣದು ಎರಡು ತಗೊಳ್ಳಿ. ಯಾಕೆ ಅಂದ್ರೆ ಒಂದೇ ಇದ್ರೆ ಯಾರೋ ಒಬ್ರು ಬಾತ್‌ರೂಮಿಗೆ ತಗೊಂಡು ಹೋದ್ರು ಅಂದ್ರೆ ಉಳಿದೋರೆಲ್ಲ ಕತ್ಲಲ್ಲಿ ಕೂರ್ಬೇಕು. ರಾತ್ರಿ ಜಾಸ್ತಿ ಜನ ಎಡವೋದು ಟೆಂಟಿನ ಹಗ್ಗಕ್ಕೆ, ಸಣ್ಣ ಲೈಟ್ ಒಂದನ್ನ ಗೂಟದ ಹತ್ರ ನೆಲಕ್ಕೇ ಇಟ್ಬಿಡಿ. ಮಗು ಬೇರೆ ಇದೆ ಅಂತೀರಿ, ಮಕ್ಳಿಗೆ ಕೈಯಲ್ಲಿ ಹಿಡ್ಕೊಳ್ಳೋ ಪುಟ್ಟ ಲೈಟು ಅವರದ್ದೇ ಅಂತ ಒಂದು ಕೊಟ್ರೆ ಹೆದ್ರಿಕೆ ಅರ್ಧ ಕಮ್ಮಿ ಆಗುತ್ತೆ. ಮೇಲೆ ಕೊಕ್ಕೆ ಇರೋದು ನೋಡಿ, ಕೆಳಗೆ ಮ್ಯಾಗ್ನೆಟ್ ಇದ್ರೆ ಗಾಡಿ ಬಾನೆಟ್ಟಿಗೂ ಅಂಟಿಸ್ಬೋದು. ಬೆಳಕು ಚುಚ್ಚುತ್ತೆ ಅನ್ಸಿದ್ರೆ ತಲೆಗಿಂತ ಎತ್ತರಕ್ಕೆ ಕಟ್ಟಿ ಮೇಲೊಂದು ಬಿಳಿ ಪಂಚೆ ಹರಡಿ, ಬೆಳಕು ಅದಕ್ಕೆ ತಾಗಿ ಮೆತ್ತಗೆ ಕೆಳಗೆ ಬೀಳುತ್ತೆ.

ಹಾಸನ_ಹೈದ

ಅಬ್ಬಾ ಇಷ್ಟು ವಿಷ್ಯ ಇದೆ ಅಂತ ಗೊತ್ತೇ ಇರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಅಕ್ಕಾ, ಲಾಂದ್ರ ಖಂಡಿತ ಇಲ್ಲ.

ಇನ್ನೂ ಮೂರು ಡೌಟು. ಸೋಲಾರ್ ಇರೋದು ತಗೊಂಡ್ರೆ ಮೇಲೆ ಚಾರ್ಜ್ ಮಾಡೋ ತಲೆನೋವೇ ಇರಲ್ಲ ಅಲ್ವಾ? ಹಿಂದೆ ಮಡಚೋ ಪಿನ್ ಇರುತ್ತಲ್ಲ, ನೇರ ಗೋಡೆ ಸಾಕೆಟ್ಟಿಗೆ ಚುಚ್ಚೋದು, ಅದು ಮನೆಗೆ ಅನುಕೂಲ ಅನ್ಸುತ್ತೆ, ಅದು ಓಕೆನಾ? ಮೂರನೇದು, ಮನೆಯವ್ರು ಆನೆ ಆನೆ ಅಂತಿದಾರೆ. ರಾತ್ರಿ ಪೂರ್ತಿ ಲೈಟ್ ಉರಿಸಿದ್ರೆ ಹತ್ರ ಬರಲ್ಲ ಅಂತಾರಲ್ಲ, ನಿಜಾನಾ?

ಆಲೂರು_ಕಡೆಯೋನು

ಆನೆ ವಿಷ್ಯ ನಾನು ಹೇಳ್ತೀನಿ ಕಣಣ್ಣ. ಲ್ಯಾಂಟರ್ನ್ ನಂಬ್ಕೊಂಡು ಆನೆ ಬರಲ್ಲ ಅಂತ ಕೂರೋದು ದಡ್ಡತನ. ನಮ್ ಆಲೂರು, ಸಕ್ಲೇಶ್‌ಪುರ, ಬೇಲೂರು ಕಡೆ ಲೈಟ್ ಉರೀತಿರೋ ಮನೆ ಪಕ್ಕದ ತೋಟಕ್ಕೇ ಬಂದು ಬಾಳೆ ಮುರ್ಕೊಂಡು ಹೋಗ್ತವೆ. ಇನ್ನೊಂದು, ಲ್ಯಾಂಟರ್ನ್ ಬೆಳಕು ಸುತ್ತ ಹರಡ್ಕೊಂಡು ಬಿಡುತ್ತೆ, ಹತ್ತು ಹದಿನೈದು ಮಾರು ಆಚೆ ಏನಿದೆ ಅಂತ ಕಾಣಲ್ಲ, ಬದ್ಲಿಗೆ ಅದ್ರ ಪಕ್ಕ ಕೂತೋರ ಕಣ್ಣು ಬೆಳಕಿಗೆ ಒಗ್ಗಿ ಕತ್ಲೆ ಇನ್ನೂ ಕಪ್ಪಗೆ ಕಾಣುತ್ತೆ. ಹಂಗಾಗಿ ದೂರಕ್ಕೆ ಹೊಡೆಯೋ ಒಂದು ಟಾರ್ಚ್ ಬೇರೆ ಇರ್ಲೇಬೇಕು. ಅದೂ ದಾರಿ ನೋಡ್ಕೊಳ್ಳೋಕೆ, ಆನೆ ಮುಖಕ್ಕೆ ಬಿಡೋಕಲ್ಲ.

ಹೋಗೋ ದಿನ ಬೆಳಿಗ್ಗೆ ತೋಟದ ಕೆಲ್ಸದೋರನ್ನ ಕೇಳಿ, ಆನೆ ಯಾವ ಕಡೆ ಇದೆ ಅಂತ ಊರವರ ವಾಟ್ಸಾಪ್ ಗ್ರೂಪಲ್ಲಿ ಓಡಾಡ್ತಿರುತ್ತೆ. ಆ ಕಡೆ ಇದೆ ಅಂತ ಗೊತ್ತಾದ್ರೆ ಟೆಂಟ್ ಪ್ಲಾನೇ ಬಿಟ್ಟು ತೋಟದ ಮನೇಲಿ ಮಲ್ಕೊಳ್ಳಿ, ಲೈಟು ಎಷ್ಟೇ ಒಳ್ಳೇದಿರ್ಲಿ. ಡಿಸೆಂಬರ್ ಅಂದ್ರೆ ಭತ್ತ ಕೊಯ್ಲಿನ ಟೈಮ್ ಬೇರೆ. ಬಾಳೆಹಣ್ಣು, ಬೆಲ್ಲ, ಅಕ್ಕಿ ಇಂಥದ್ದೆಲ್ಲ ಟೆಂಟಲ್ಲಿ ಇಟ್ಕೋಬೇಡಿ. ಸ್ವಂತ ತೋಟ ಆದ್ರಿಂದ ಓಕೆ, ಹಂಗೇ ಹುಲ್ಲುಗುಡ್ಡ ಚೆನ್ನಾಗಿದೆ ಅಂತ ಮೇಲಕ್ಕೆ ಹೋಗಿ ಟೆಂಟ್ ಹಾಕಿದ್ರೆ ರಿಸರ್ವ್ ಫಾರೆಸ್ಟ್ ಆಗಿರುತ್ತೆ, ಫಾರೆಸ್ಟ್‌ನೋರ ಪರ್ಮಿಷನ್ ಇಲ್ದೆ ಅಲ್ಲಿ ರಾತ್ರಿ ಇರೋ ಹಂಗಿಲ್ಲ.

ಸೋಲ್ಡರ್_ಹೊಗೆ

ಸೋಲಾರಿಗೆ ದುಡ್ಡು ಹಾಕ್ಬೇಡಿ. ಮುಚ್ಚಳದ ಮೇಲೆ ಅಂಗೈ ಅಗಲ ಪ್ಯಾನೆಲ್ ಇರುತ್ತೆ, ನೆತ್ತಿ ಮೇಲೆ ಬಿಸಿಲಿದ್ದಾಗ ಅದು ಒಂದು ವ್ಯಾಟ್ ಕೊಟ್ರೆ ದೊಡ್ಡದು. ಆವಾಗ್ಲೇ ಹೇಳಿದ 14.8 ವ್ಯಾಟ್ ಅವರ್ ಬ್ಯಾಟ್ರಿ ತುಂಬ್ಬೇಕು ಅಂದ್ರೆ ಹದಿನೈದು ಗಂಟೆಗೂ ಮೇಲೆ ಖಡಕ್ ಬಿಸಿಲು ಬೇಕು, ಅಂದ್ರೆ ಮೂರ್ನಾಲ್ಕು ದಿನ. ಕಾಫಿ ತೋಟದ ನೆರಳಲ್ಲಿ ಮರೆತೇಬಿಡಿ. ಜುಲೈಲಿ ನಮ್ಮೂರಲ್ಲಿ ಸೂರ್ಯನ್ನೇ ನೋಡಿರಲ್ಲ, ಪ್ಯಾನೆಲ್ ಏನು ಮಾಡುತ್ತೆ. ಮೇಲಾಗಿ ಚಾರ್ಜ್ ಆಗ್ಲಿ ಅಂತ ಬಿಸಿಲಲ್ಲಿ ಇಟ್ರೆ ಒಳಗಿನ ಲಿಥಿಯಂ ಸೆಲ್ ಕಾದು ಆಯಸ್ಸು ಕಮ್ಮಿ ಆಗುತ್ತೆ. ಅದೇ ದುಡ್ಡಲ್ಲಿ ಬ್ಯಾಟ್ರಿ ದೊಡ್ಡದಿರೋದು ತಗೊಳ್ಳಿ. ಪವರ್‌ಬ್ಯಾಂಕಿಂದಾನೂ ಚಾರ್ಜ್ ಆಗುತ್ತಲ್ಲ.

ಗೋಡೆಗೆ ಚುಚ್ಚೋ ಪಿನ್ ವಿಷ್ಯದಲ್ಲಿ ಸ್ವಲ್ಪ ಖಾರವಾಗೇ ಹೇಳ್ತೀನಿ. ಕಮ್ಮಿ ರೇಟಿನ ಲೈಟಲ್ಲಿ ಒಳಗೆ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದು ಕೆಪಾಸಿಟರ್ ಹಾಕಿ ಕರೆಂಟ್ ಇಳಿಸಿರ್ತಾರೆ, ಅಂದ್ರೆ ಚಾರ್ಜ್ ಆಗ್ತಿರೋವಾಗ ಒಳಗಿನ ಬೋರ್ಡು, ಬ್ಯಾಟ್ರಿ, ಸ್ವಿಚ್ಚು ಎಲ್ಲ ನೇರ 230 ವೋಲ್ಟ್ ಲೈನಿಗೇ ಕನೆಕ್ಟ್ ಆಗಿರುತ್ತೆ. ಪ್ಲಾಸ್ಟಿಕ್ ಒಡೆದಿದ್ರೆ, ಕೈ ಒದ್ದೆ ಇದ್ರೆ ಶಾಕ್ ಗ್ಯಾರಂಟಿ. ಮಗು ಇರೋ ಮನೆಗೆ ಬೇಡ. ಒಳ್ಳೆ ಕಂಪ್ನಿಯೋರದ್ರಲ್ಲಿ ಸರಿಯಾದ ಅಡಾಪ್ಟರ್ ಸರ್ಕ್ಯೂಟ್ ಇರುತ್ತೆ, ಆದ್ರೆ ಹೊರಗಿಂದ ನೋಡಿ ಹೇಳೋಕಾಗಲ್ಲ. ಟೈಪ್ ಸಿ ಇರೋದು ತಗೊಂಡು ಮೊಬೈಲ್ ಚಾರ್ಜರಲ್ಲಿ ಹಾಕ್ಕೊಳ್ಳಿ, ತಲೆನೋವಿಲ್ಲ.

ಫ್ಯಾನು, ಸ್ಪೀಕರು, ಸೊಳ್ಳೆ ಜಾಲರಿ ಇರೋ ಯಾವುದೂ ಬೇಡ. ಎಲ್ಲಾ ಒಂದೇ ಬ್ಯಾಟ್ರಿ ತಿನ್ನೋವೇ.

ಕಲ್ಪತರು_ಕಾಯಿ

ಅರಸೀಕೆರೆಯಿಂದ. ಸೋಲ್ಡರ್ ಸಾಹೇಬ್ರು ಲೆಡ್ ಆಸಿಡ್‌ನ ತುಂಬಾ ಬೈದ್ರು ಅನ್ಸುತ್ತೆ. ನಮ್ಮನೇಲಿ ತೆಂಗಿನ ತೋಟಕ್ಕೆ ರಾತ್ರಿ ನೀರು ಬಿಡೋಕೆ ಹೋಗೋವಾಗ ಅದೇ ಹಳೇ ಕಾಲದ ಕೈಹಿಡಿ ಲ್ಯಾಂಟರ್ನೇ, ಬ್ಯಾಟ್ರಿ ಹೋದ್ರೆ ಸಂತೆ ಬೀದಿ ಅಂಗಡೀಲೂ ಸಿಗುತ್ತೆ, ಹಾಕೋಕೆ ಎರಡು ವೈರು ಅಷ್ಟೇ. ನಿಮ್ಮ ಲಿಥಿಯಂಗೆ ಒರಿಜಿನಲ್ ಸೆಲ್ ಹುಡ್ಕೊಂಡು ಬೆಂಗ್ಳೂರಿಗೆ ಹೋಗ್ಬೇಕು.

ಸೋಲ್ಡರ್_ಹೊಗೆ

ಬೈದಿಲ್ಲ ಸಾರ್, ಎಸೀಬೇಡಿ ಅಂತ್ಲೇ ಹೇಳಿದ್ದು. ದಿನಾ ಬಳಸಿ ದಿನಾ ಚಾರ್ಜಿಗೆ ಹಾಕೋರಿಗೆ ಲೆಡ್ ಆಸಿಡ್ ಚೆನ್ನಾಗೇ ಬರುತ್ತೆ, ನೀವು ಹೇಳೋದು ಆ ಥರ. ವರ್ಷಕ್ಕೆ ಎರಡು ಸಲ ಟೆಂಟಿಗೆ ತಗೊಂಡು ಹೋಗಿ ಮತ್ತೆ ಮರ್ತುಬಿಡೋರಿಗೆ ಅಲ್ಲ. ತೂಕಾನೂ ಇದೆ, ಅಷ್ಟೇ ಕರೆಂಟ್ ಹಿಡಿಯೋಕೆ ಲಿಥಿಯಮ್ಮಿನ ಮೂರ್ನಾಲ್ಕು ಪಟ್ಟು ಭಾರ ಆಗುತ್ತೆ. ಸೆಲ್ ಸಿಗೋ ವಿಷ್ಯ ಮಾತ್ರ ನೀವು ಹೇಳಿದ್ದು ಸರಿ, ಹಳೇ ಲ್ಯಾಪ್‌ಟಾಪ್ ಬ್ಯಾಟ್ರಿಯಿಂದ ಕಿತ್ತು ಹೊಸ ಕವರ್ ಸುತ್ತಿ ಮಾರೋರು ಜಾಸ್ತಿ ಆಗಿದಾರೆ.

ಎಲ್‌ಎಫ್‌ಪಿ ಅಂತ ಬರುತ್ತೆ, ಲಿಥಿಯಂ ಐರನ್ ಫಾಸ್ಫೇಟು, 3.2 ವೋಲ್ಟು. ಬಿಸಿಗೆ ಜಾಸ್ತಿ ತಡ್ಕೊಳ್ಳುತ್ತೆ, ಬಾಳಿಕೆನೂ ಜಾಸ್ತಿ. ಅದು ಹಾಕಿರೋ ಲ್ಯಾಂಟರ್ನ್ ಸಿಕ್ರೆ ಎಂಎಎಚ್ ಸ್ವಲ್ಪ ಕಮ್ಮಿ ಇದ್ರೂ ನಾನಾದ್ರೆ ಅದನ್ನೇ ತಗೋತೀನಿ.

ಹಾಸನ_ಹೈದ

ಇವತ್ತು ಸಂಜೆ ಇಲ್ಲೇ ಪೇಟೇಲಿ ಒಂದು ಅಂಗಡಿಗೆ ಹೋಗಿದ್ದೆ. ಎರಡು ಇಷ್ಟ ಆಯ್ತು. ಒಂದು 1350, 4400 ಎಂಎಎಚ್, ಎರಡು ಸೆಲ್ಲು, ಹಳದಿ ಬಿಳಿ ಎರಡೂ ಇದೆ, ಒತ್ತಿ ಹಿಡಿದ್ರೆ ಸಣ್ಣ ದೊಡ್ಡ ಆಗುತ್ತೆ, ಟೈಪ್ ಸಿ, ಹಿಂದೆ ನಾಲ್ಕು ಸ್ಕ್ರೂ ಇದೆ. ಇನ್ನೊಂದು 1100, ಬರೀ ಬಿಳಿ, ಆದ್ರೆ 8000 ಎಂಎಎಚ್ ಅಂತ ಬರ್ದಿದೆ, ಕೈಗೆ ಮಾತ್ರ ಮೊದಲ್ನೇದಕ್ಕಿಂತ ಹಗುರ. ಅಂಗಡಿಯವ್ರು ಎರಡ್ನೇದೇ ತಗೊಳ್ಳಿ ಅಂತ ಒಂದೇ ಸಮ ಹೇಳ್ತಿದ್ರು. ನಾಳೆ ಮತ್ತೆ ಹೋಗ್ತೀನಿ, ಏನಾದ್ರೂ ಚೆಕ್ ಮಾಡೋದಿದ್ರೆ ಹೇಳಿ.

ಮೂಡಿಗೆರೆ_ಮಳೆ

8000 ಅಂತ ಬರ್ದು ಹಗುರ ಇದೆ ಅಂದ್ಮೇಲೆ ಇನ್ನೇನು ಕೇಳೋದು ಮಾರಾಯ್ರೆ. ಮೊದಲ್ನೇದು. ಉಳಿದ ದುಡ್ಡಿಗೆ ಮಗಳಿಗೊಂದು ಪುಟ್ಟ ಲೈಟು, ಇಲ್ಲಾ ಒಂದು ಹೆಡ್‌ಲ್ಯಾಂಪು. ಇಂಬಳ (ಜಿಗಣೆ) ಡಿಸೆಂಬರಲ್ಲಿ ಕಮ್ಮಿ ಆದ್ರೂ ಹಳ್ಳದ ಪಕ್ಕ ಇರ್ತವೆ, ಕಾಲು ನೋಡ್ಕೊಳ್ಳೋಕೆ ಎರಡು ಕೈನೂ ಫ್ರೀ ಇರ್ಬೇಕು.

ಸೋಲ್ಡರ್_ಹೊಗೆ

2200ದು ಎರಡು ಸೆಲ್ಲು ಅಂದ್ರೆ 4400, ಲೆಕ್ಕ ನಂಬೋ ಥರಾನೇ ಇದೆ. 16 ವ್ಯಾಟ್ ಅವರ್ ಆಯ್ತು. ಸಂಜೆ ಮೂರು ಗಂಟೆ 200 ಲ್ಯೂಮೆನ್, ಆಮೇಲೆ ರಾತ್ರಿ ಪೂರ್ತಿ 30 ಅಂತ ಇಟ್ರೂ ಒಂದು ರಾತ್ರಿಗೆ ಒಂಬತ್ತು ವ್ಯಾಟ್ ಅವರ್ ಖರ್ಚು. ಎರಡ್ನೇ ದಿನ ಮಧ್ಯಾಹ್ನ ಊಟಕ್ಕೆ ಕೆಳಗೆ ತೋಟದ ಮನೆಗೆ ಹೋದಾಗ ಎರಡು ಗಂಟೆ ಚಾರ್ಜಿಗೆ ಹಾಕಿದ್ರೆ ಸಾಕು.

ನಾಳೆ ಅಂಗಡೀಲಿ ಇಷ್ಟು ಮಾಡಿ. ಸಣ್ಣ ಸ್ಟೆಪ್ಪಿಗೆ ಇಳಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ, ಪರದೆ ಮೇಲೆ ಕಪ್ಪು ಪಟ್ಟಿ ದಪ್ಪಗೆ ಓಡಾಡ್ತಿದ್ರೆ ಬೆಳಕು ಮಿಟುಕುತ್ತೆ ಅಂತ ಅರ್ಥ, ತುಂಬಾ ಹೊತ್ತು ಕೂತ್ರೆ ಕೆಲವ್ರಿಗೆ ತಲೆನೋವು ಬರುತ್ತೆ. ಆಮೇಲೆ ನಿಮ್ಮ ಫೋನಿನ ಸಿ ಟು ಸಿ ಕೇಬಲ್ ಹಾಕಿ ಚಾರ್ಜ್ ಆಗುತ್ತಾ ನೋಡಿ. ಸುಮಾರು ಲೈಟಲ್ಲಿ ಪೋರ್ಟ್ ಟೈಪ್ ಸಿ ಕೊಟ್ಟು ಒಳಗೆ ಹಾಕ್ಬೇಕಾದ ಎರಡು ಪುಟಾಣಿ ರೆಸಿಸ್ಟರ್ ಉಳಿಸಿಬಿಡ್ತಾರೆ, ಹಂಗಾದಾಗ ಹೊಸ ಚಾರ್ಜರಲ್ಲಿ ಚಾರ್ಜೇ ಆಗಲ್ಲ, ಹಳೇ ಅಗಲ ಪಿನ್ನಿನ ಕೇಬಲ್ಲೇ ಬೇಕು. ಆಗ್ಲಿಲ್ಲ ಅಂದ್ರೂ ಲೈಟು ಕೆಟ್ಟದ್ದು ಅಂತಲ್ಲ, ಬಾಕ್ಸಲ್ಲಿ ಕೊಡೋ ಕೇಬಲ್ ಮರೀದೆ ಬ್ಯಾಗಿಗೆ ಹಾಕ್ಕೊಳ್ಳಿ ಅಷ್ಟೇ.

ವಾಪಸ್ ಬಂದ್ಮೇಲೆ ಅರ್ಧ ಚಾರ್ಜಲ್ಲಿ ಎತ್ತಿಡಿ, ಪೂರ್ತಿ ತುಂಬ್ಸಿನೂ ಬೇಡ ಖಾಲಿನೂ ಬೇಡ. ಸ್ವಿಚ್ ಆಫ್ ಇದ್ರೂ ಒಳಗಿನ ಬೋರ್ಡು ಸ್ವಲ್ಪ ಸ್ವಲ್ಪ ಎಳೀತಾನೇ ಇರುತ್ತೆ, ಮೂರು ತಿಂಗ್ಳಿಗೊಂದ್ಸಲ ಚಾರ್ಜಿಗೆ ಹಾಕಿ. ಕಾರೊಳಗೆ ಬಿಸಿಲಲ್ಲಿ ಬಿಡ್ಬೇಡಿ.

ಹಾಸನ_ಹೈದ

ಆಯ್ತು ಸಾರ್, 1350ದೇ ಫಿಕ್ಸು. ಟಾರ್ಚ್ ಒಂದು ಫ್ರೆಂಡ್ ಹತ್ರಾನೇ ಇದೆ ಅಂತೆ, ದೂರಕ್ಕೆ ಹೊಡೆಯೋದು. ಅಮ್ಮನ ಹಳೇ ಲೈಟ್ ಬಿಚ್ಚಿ ನೋಡ್ದೆ, ಒಳಗೆ 4 ವೋಲ್ಟ್ ಲೆಡ್ ಆಸಿಡ್ಡೇ, ಅರಸೀಕೆರೆ ಅಣ್ಣ ಹೇಳಿದ ಹಂಗೆ ಎರಡೇ ವೈರು. ಅದೇ ಅಂಗಡೀಲಿ ಬ್ಯಾಟ್ರಿ ಸಿಗುತ್ತಾ ಕೇಳ್ತೀನಿ.

ಕಲ್ಪತರು_ಕಾಯಿ

ಹಳೇದನ್ನ ಕೈಯಲ್ಲೇ ತಗೊಂಡು ಹೋಗಿ, ಅಳತೆ ಸರಿ ಕೂರ್ಬೇಕಲ್ಲ. ಕೆಂಪು ವೈರ್ ಯಾವ ಕಡೆ ಇತ್ತು ಅಂತ ಬಿಚ್ಚೋಕೆ ಮುಂಚೆ ಒಂದು ಫೋಟೋ ಹೊಡ್ಕೊಳ್ಳಿ. ಹಳೇ ಬ್ಯಾಟ್ರಿ ಅಲ್ಲೇ ವಾಪಸ್ ಕೊಟ್ರೆ ಐವತ್ತೋ ನೂರೋ ಕಮ್ಮಿ ಮಾಡ್ತಾರೆ, ಕೇಳಿ ನೋಡಿ.